ಸೂಜಿಗೆ ಮುಂಚಿನ ತಿಂಗಳು

ಕೀಲುನೋವು ಅಂತ ಹೋದವರಿಗೆ ಎದೆಯ ಎಕ್ಸ್‌ರೇ ಬರೆದುಕೊಟ್ಟರೆ ಯಾರಿಗಾದರೂ ಅನುಮಾನ ಬರುತ್ತದೆ. ಬೆರಳ ಗೆಣ್ಣು ಊದಿದೆ, ಮಣಿಕಟ್ಟು ತಿರುಗುತ್ತಿಲ್ಲ. ಅದಕ್ಕೂ ಶ್ವಾಸಕೋಶಕ್ಕೂ ಏನು ಸಂಬಂಧ? ಮುಂಗೈಗೆ ಒಂದು ಚುಚ್ಚಿ, ಎರಡು ದಿನ ಬಿಟ್ಟು ಬಂದು ತೋರಿಸಿ ಅನ್ನುತ್ತಾರೆ. ರಕ್ತ ತೆಗೆದು ಕಾಮಾಲೆಯ ವೈರಸ್ ಇದೆಯೇ ನೋಡುತ್ತಾರೆ. ಮನೆಯಲ್ಲಿ ಹಿಂದೆ ಯಾರಿಗಾದರೂ ಟಿ.ಬಿ. ಆಗಿತ್ತೇ ಎಂದು ವಿಚಾರಿಸುತ್ತಾರೆ. ಇಷ್ಟೆಲ್ಲ ಆದಮೇಲೂ ‘ಇನ್ನೊಂದು ತಿಂಗಳು ತಡೀರಿ, ಆಮೇಲೆ ಇಂಜೆಕ್ಷನ್ ಶುರು ಮಾಡೋಣ’ ಅಂದರೆ, ಕಡೂರಿನಿಂದ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ ಬಂದವರಿಗೆ ರೇಗುವುದು ಸಹಜ. ದುಡ್ಡು ಹೊಂದಿಸಿಕೊಂಡು ಬಂದಿದ್ದೇವೆ, ಕೊಡೋಕೇನು?

ಕೊಡದೆ ತಡೆದ ಆ ತಿಂಗಳಿನ ಬಗ್ಗೆಯೇ ಈ ಲೇಖನ. ಸಂಧಿವಾತಕ್ಕೆ ಕೊಡುವ ಬಯೋಲಾಜಿಕ್ ಅಥವಾ ಜೈವಿಕ ಔಷಧಗಳ ಸುರಕ್ಷತೆ ಕುರಿತು ಕೇಳುವವರೆಲ್ಲ ಸೂಜಿಯೊಳಗೆ ಏನಿದೆ ಎಂದು ಕೇಳುತ್ತಾರೆ. ಜಗತ್ತು ಈ ಔಷಧಗಳನ್ನು ಬಳಸಲು ತೊಡಗಿ ಕಾಲು ಶತಮಾನ ದಾಟಿದೆ. ಆ ಅನುಭವದಲ್ಲಿ ಕಂಡಿದ್ದು ಇಷ್ಟು: ಅಪಾಯದ ದೊಡ್ಡ ಪಾಲನ್ನು ಸೂಜಿ ಚುಚ್ಚುವ ಮೊದಲೇ ಹಿಡಿಯಬಹುದು. ಹಿಡಿಯಲು ಬೇಕಾದದ್ದರಲ್ಲಿ ಹೆಚ್ಚಿನದು ಕಡೂರು, ತರೀಕೆರೆ, ಅಜ್ಜಂಪುರದಂಥ ಊರುಗಳಲ್ಲೇ ಸಿಗುತ್ತದೆ.

ಚಿಕ್ಕಮಗಳೂರು ಜಿಲ್ಲೆ ಎಂದರೆ ಕಾಫಿ, ಮಂಜು, ಮುಳ್ಳಯ್ಯನಗಿರಿ ಎಂದುಕೊಳ್ಳುವವರಿಗೆ ಈ ಮೂರು ತಾಲ್ಲೂಕು ನೆನಪಾಗುವುದು ಕಡಿಮೆ. ಕಡೂರು ತೆಂಗು, ರಾಗಿಯ ಬಯಲು. ತರೀಕೆರೆಯ ಒಂದು ಮಗ್ಗುಲಲ್ಲಿ ಕೆಮ್ಮಣ್ಣುಗುಂಡಿ, ಇನ್ನೊಂದು ಕಡೆ ಲಕ್ಕವಳ್ಳಿಯ ಭದ್ರಾ ಅಣೆಕಟ್ಟು, ನಡುವೆ ಅಡಿಕೆ ತೋಟ. ಅಜ್ಜಂಪುರ ಈರುಳ್ಳಿಯ ಸೀಮೆ, ಅಮೃತಮಹಲ್ ದನಗಳ ನೆಲೆ. ಬೀರೂರಿನಲ್ಲಿ ರೈಲು ಹಳಿ ಕವಲೊಡೆದು ಒಂದು ತರೀಕೆರೆ ಮೇಲೆ ಶಿವಮೊಗ್ಗಕ್ಕೂ ಇನ್ನೊಂದು ಅಜ್ಜಂಪುರ ದಾಟಿ ಹುಬ್ಬಳ್ಳಿ ದಿಕ್ಕಿಗೂ ಹೋಗುತ್ತದೆ. ದೊಡ್ಡ ಕಾಯಿಲೆ ಬಂದಾಗ ಇಲ್ಲಿಯ ಜನರೂ ಹಾಗೆಯೇ ಕವಲೊಡೆಯುತ್ತಾರೆ. ಕೆಲವರು ಶಿವಮೊಗ್ಗಕ್ಕೆ, ಕೆಲವರು ಚಿಕ್ಕಮಗಳೂರಿಗೆ, ಉಳಿದವರು ಇನ್ನೂರು ಕಿಲೋಮೀಟರ್ ದೂರದ ಬೆಂಗಳೂರಿಗೆ.

ರುಮಟಾಯ್ಡ್ ಸಂಧಿವಾತ ಮೊದಲು ಕೈಬೆರಳಿಗೆ ಬರುತ್ತದೆ, ಹಾಗಾಗಿ ಕೆಲಸದಲ್ಲೇ ಅದರ ಸುಳಿವು ಸಿಗುತ್ತದೆ. ಅಡಿಕೆ ಸುಲಿಯುವಾಗ ಕತ್ತಿಯ ಮೇಲೆ ಹಿಡಿತ ಸಡಿಲವಾಗುತ್ತದೆ. ಮುದ್ದೆ ತೊಳಸುವಾಗ ಕೋಲು ತಿರುಗಿಸಲು ಮಣಿಕಟ್ಟು ಒಪ್ಪುವುದಿಲ್ಲ. ಬೆಳಿಗ್ಗೆ ಎದ್ದರೆ ಒಂದು ಗಂಟೆ, ಒಂದೂವರೆ ಗಂಟೆ ಬೆರಳು ಮಡಚಲಾಗದು, ಹೊತ್ತೇರಿದಂತೆ ಸಡಿಲವಾಗುತ್ತದೆ. ಬಲಗೈಗೆ ಬಂದದ್ದು ಎಡಗೈಗೂ ಬರುತ್ತದೆ. ಗಂಡಸರಿಗಿಂತ ಹೆಂಗಸರಿಗೆ ಎರಡು ಮೂರು ಪಟ್ಟು ಹೆಚ್ಚು. 1993ರಲ್ಲಿ ಡಾ. ಎ.ಎನ್. ಮಾಳವೀಯ ಮತ್ತು ಜೊತೆಗಾರರು ದೆಹಲಿ ಸಮೀಪದ ಹಳ್ಳಿಗಳ ವಯಸ್ಕರಲ್ಲಿ ನಡೆಸಿದ ಸಮೀಕ್ಷೆ ಈ ಕಾಯಿಲೆ ಶೇ 0.75ರಷ್ಟಿದೆ ಎಂದು ಕಂಡುಕೊಂಡಿತು. ಅದೇ ಲೆಕ್ಕ ಹಿಡಿದರೆ ಸಾವಿರ ವಯಸ್ಕರಿರುವ ಊರಿನಲ್ಲಿ ಏಳೆಂಟು ಮಂದಿ. ಅವರಲ್ಲಿ ಎಲ್ಲರಿಗೂ ಬಯೋಲಾಜಿಕ್ ಬೇಕಾಗುವುದಿಲ್ಲ, ಬಹುಪಾಲು ಮಂದಿಗೆ ಹಳೆಯ ಮಾತ್ರೆಗಳೇ ಸಾಕು.

ಮೊದಲ ಅಪಾಯ ಕಾಯಿಲೆಯನ್ನೇ ತಪ್ಪಾಗಿ ಗುರುತಿಸುವುದು. ಈ ಕಡೆ ಕೀಲುನೋವಿಗೆ ಕಾರಣಗಳ ಬರವಿಲ್ಲ. 2006ರಲ್ಲಿ ಚಿಕುನ್‌ಗುನ್ಯಾ ಕರ್ನಾಟಕವನ್ನು ಹಾಸಿಗೆ ಹಿಡಿಸಿತು, ಏಳೂವರೆ ಲಕ್ಷ ಶಂಕಿತ ಪ್ರಕರಣಗಳು ಆ ಒಂದೇ ವರ್ಷ ದಾಖಲಾದವು. ಆಗಿನಿಂದ ಯಾವ ಕೀಲಿಗೆ ನೋವು ಬಂದರೂ ‘ಚಿಕುನ್‌ಗುನ್ಯಾ ಬಿಟ್ಟುಹೋದ ನೋವು’ ಎನ್ನುವುದು ರೂಢಿಯಾಯಿತು. ಅದರಲ್ಲಿ ಸತ್ಯವೂ ಇದೆ, ಕೆಲವರಲ್ಲಿ ಆ ನೋವು ತಿಂಗಳುಗಟ್ಟಲೆ ಉಳಿದು ಸಂಧಿವಾತದ ವೇಷವನ್ನೇ ಹಾಕುತ್ತದೆ. ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದ್ದ ಕಡೆ ಮೂಳೆ, ಸಂದುಗಳು ಬಿಗಿಯುತ್ತವೆ. ವಯಸ್ಸಾದ ಮಂಡಿ ಸವೆಯುತ್ತದೆ. ಪಕ್ಕದ ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದಲ್ಲಿ ಬೆಳಕಿಗೆ ಬಂದ ‘ಹಂದಿಗೋಡು ಕಾಯಿಲೆ’ ವಂಶದಲ್ಲಿ ಹರಿದು ಬರುವಂಥದ್ದು, ಚಿಕ್ಕಮಗಳೂರು ಜಿಲ್ಲೆಯ ಮಲೆನಾಡಿನಲ್ಲೂ ಕಂಡಿದೆ. ಇವುಗಳಲ್ಲಿ ಯಾವುದಕ್ಕೂ ಬಯೋಲಾಜಿಕ್ ಮದ್ದಲ್ಲ. ರುಮಟಾಯ್ಡ್ ಫ್ಯಾಕ್ಟರ್ ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ರುಮಟಾಯ್ಡ್ ಎಂದೂ ಅಲ್ಲ, ಆ ಕಾಯಿಲೆ ಇಲ್ಲದ ಮುದುಕರಲ್ಲೂ ಅದು ಪಾಸಿಟಿವ್ ಬರಬಹುದು. ಆ್ಯಂಟಿ ಸಿಸಿಪಿ ಎಂಬ ಇನ್ನೊಂದು ಪರೀಕ್ಷೆ ಹೆಚ್ಚು ನಂಬಿಕಸ್ಥ. ಅದಕ್ಕೂ ಮಿಗಿಲಾದದ್ದು ಬೆರಳ ಗೆಣ್ಣುಗಳನ್ನು ಒಂದೊಂದಾಗಿ ಒತ್ತಿ ನೋಡುವ ವೈದ್ಯರ ಕೈ.

ಭಾನುವಾರದ ಮಾತ್ರೆ

ಬಯೋಲಾಜಿಕ್ ವಿಷಯಕ್ಕೆ ಬರುವ ಮುಂಚೆ ಮೆಥೊಟ್ರೆಕ್ಸೇಟ್ ಬಗ್ಗೆ ಹೇಳಲೇಬೇಕು. ಭೀಮಾವರದಲ್ಲಿ ಹುಟ್ಟಿ ಅಮೆರಿಕದ ಲೆಡರ್ಲೆ ಪ್ರಯೋಗಾಲಯದಲ್ಲಿ ದುಡಿದ ಯಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ಕೆಲಸದಿಂದ 1940ರ ದಶಕದಲ್ಲಿ ಬಂದ ಔಷಧ ಇದು. ರಕ್ತದ ಕ್ಯಾನ್ಸರ್‌ಗೆಂದು ಹುಟ್ಟಿದ್ದು ಚಿಕ್ಕ ಪ್ರಮಾಣದಲ್ಲಿ ಸಂಧಿವಾತದ ಆಧಾರಸ್ತಂಭವಾಯಿತು. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದನ್ನು ಸಂಧಿವಾತಕ್ಕೆ ಒಪ್ಪಿದ್ದು 1988ರಲ್ಲಿ. ಅಗ್ಗ, ಪರಿಣಾಮಕಾರಿ. ಆದರೆ ವಾರಕ್ಕೆ ಒಂದೇ ದಿನ ನುಂಗಬೇಕು. ಬಿ.ಪಿ. ಮಾತ್ರೆ, ಸಕ್ಕರೆ ಮಾತ್ರೆಗಳ ಜೊತೆ ಡಬ್ಬದಲ್ಲಿ ಸೇರಿ ದಿನವೂ ಒಳಗೆ ಹೋದರೆ ಬಾಯಿ ಹುಣ್ಣಾಗಿ, ರಕ್ತದ ಕಣಗಳು ಕುಸಿದು ಜೀವಕ್ಕೇ ಬರುತ್ತದೆ. ಚೀಟಿಯಲ್ಲಿ ಬರೀ ‘ವಾರಕ್ಕೊಮ್ಮೆ’ ಎಂದಿದ್ದರೆ ಸಾಲದು, ‘ಭಾನುವಾರ’ ಎಂದೋ ‘ಸೋಮವಾರ’ ಎಂದೋ ಕನ್ನಡದಲ್ಲಿ ಬರೆಯಬೇಕು. ಬಯೋಲಾಜಿಕ್‌ಗೆ ಹೆದರುವ ಮನೆಗಳಲ್ಲಿ ನಿಜಕ್ಕೂ ಹೆದರಬೇಕಾದ ತಪ್ಪು ಇದು. ಹೆದರಿಕೆ ಬೇಕಾಗಿರುವುದು ಮಾತ್ರೆಗಲ್ಲ, ಡಬ್ಬದ ಗೋಜಲಿಗೆ.

ಮೆಥೊಟ್ರೆಕ್ಸೇಟ್, ಹೈಡ್ರಾಕ್ಸಿಕ್ಲೋರೊಕ್ವಿನ್, ಸಲ್ಫಾಸಲಜಿನ್, ಲೆಫ್ಲುನೊಮೈಡ್. ಇವುಗಳನ್ನು ಸರಿಯಾದ ಪ್ರಮಾಣದಲ್ಲಿ ತಿಂಗಳುಗಟ್ಟಲೆ ಕೊಟ್ಟರೂ ಊತ ಇಳಿಯದವರಿಗೆ ಬಯೋಲಾಜಿಕ್. ಮಾತ್ರೆಗಳು ರಸಾಯನಶಾಲೆಯಲ್ಲಿ ತಯಾರಾಗುವ ಪುಟ್ಟ ಅಣುಗಳು. ಬಯೋಲಾಜಿಕ್‌ಗಳು ಜೀವಕೋಶಗಳಲ್ಲಿ ಬೆಳೆಸಿ ತೆಗೆದ ದೊಡ್ಡ ಪ್ರೋಟೀನುಗಳು. ಹೊಟ್ಟೆಗೆ ಹೋದರೆ ಜೀರ್ಣವಾಗಿಬಿಡುವುದರಿಂದ ಚುಚ್ಚಲೇಬೇಕು. 1980ರ ದಶಕದ ಕೊನೆಯಲ್ಲಿ ಲಂಡನ್ನಿನಲ್ಲಿ ಮಾರ್ಕ್ ಫೆಲ್ಡ್‌ಮನ್ ಮತ್ತು ಲೂಧಿಯಾನದಲ್ಲಿ ಹುಟ್ಟಿದ ರವೀಂದರ್ ಮೈನಿ ಊದಿದ ಕೀಲುಗಳೊಳಗೆ ಟಿಎನ್‌ಎಫ್ ಎಂಬ ಸಂದೇಶವಾಹಕ ಪ್ರೋಟೀನಿನ ಹಾವಳಿಯನ್ನು ಗುರುತಿಸಿದರು. 1992ರಲ್ಲಿ ಚೇರಿಂಗ್ ಕ್ರಾಸ್ ಆಸ್ಪತ್ರೆಯಲ್ಲಿ ಅದನ್ನು ಕಟ್ಟಿಹಾಕುವ ಇನ್‌ಫ್ಲಿಕ್ಸಿಮ್ಯಾಬನ್ನು ಮೊದಲ ರೋಗಿಗಳಿಗೆ ಕೊಟ್ಟರು. 1998ರಲ್ಲಿ ಎಟನರ್ಸೆಪ್ಟ್, 1999ರಲ್ಲಿ ಸಂಧಿವಾತಕ್ಕೆ ಇನ್‌ಫ್ಲಿಕ್ಸಿಮ್ಯಾಬ್, 2002ರ ಕೊನೆಯ ದಿನ ಅಡಲಿಮುಮ್ಯಾಬ್ ಅಮೆರಿಕದಲ್ಲಿ ಅನುಮತಿ ಪಡೆದವು. ಹಾಸಿಗೆಯಲ್ಲಿದ್ದವರು ಎದ್ದು ನಡೆದರು, ಇದು ಉತ್ಪ್ರೇಕ್ಷೆಯಲ್ಲ.

ಮರುಕಳಿಸಿದ ಕ್ಷಯ

ಆಮೇಲೆ 2001 ಬಂತು. ಅಲ್ಲಿಯವರೆಗೆ ಸುಮಾರು 1,47,000 ಮಂದಿ ಇನ್‌ಫ್ಲಿಕ್ಸಿಮ್ಯಾಬ್ ಪಡೆದಿದ್ದರು. ಎಫ್‌ಡಿಎಗೆ ಬಂದ ವರದಿಗಳನ್ನು ಕೂಡಿಸಿ ನೋಡಿದಾಗ ಅವರಲ್ಲಿ 70 ಮಂದಿಗೆ ಕ್ಷಯ ಬಂದಿತ್ತು. ಹೆಚ್ಚಿನವರಿಗೆ ಮೊದಲ ಮೂರು ಡ್ರಿಪ್‌ಗಳೊಳಗೇ. ಅರ್ಧಕ್ಕಿಂತ ಹೆಚ್ಚು ಜನರಲ್ಲಿ ಕ್ಷಯ ಶ್ವಾಸಕೋಶ ಬಿಟ್ಟು ಬೇರೆಡೆಗೂ ಹಬ್ಬಿತ್ತು. ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಆ ವರ್ಷ ಪ್ರಕಟಿಸಿದ ಈ ವರದಿಯಲ್ಲಿ ನಮ್ಮ ಕಣ್ಣು ನಿಲ್ಲಬೇಕಾದ ಸಂಖ್ಯೆ ಇನ್ನೊಂದಿದೆ. ಆ 70ರಲ್ಲಿ 64 ಪ್ರಕರಣ ಬಂದದ್ದು ಕ್ಷಯ ಅಪರೂಪವಾದ ದೇಶಗಳಿಂದ.

ಯಾಕೆ ಹೀಗೆ? ಕ್ಷಯದ ಬ್ಯಾಕ್ಟೀರಿಯಾ ಒಳಹೊಕ್ಕವರಲ್ಲಿ ನೂರಕ್ಕೆ ತೊಂಬತ್ತು ಮಂದಿಗೆ ಜೀವನವಿಡೀ ಕಾಯಿಲೆಯೇ ಬರುವುದಿಲ್ಲ. ದೇಹ ಅದರ ಸುತ್ತ ರಕ್ಷಣಾ ಕೋಶಗಳ ಗಂಟು ಕಟ್ಟಿ ಒಳಗೇ ಕೂಡಿಹಾಕುತ್ತದೆ. ಕೆರೆ ಏರಿ ಕಟ್ಟಿದ ಹಾಗೆ. ಏರಿ ಕಟ್ಟಿದರೆ ಸಾಲದು, ದಿನವೂ ಓಡಾಡಿ ಬಿರುಕು ಮುಚ್ಚುವ ನೀರಗಂಟಿ ಬೇಕು. ಆ ಕೆಲಸ ಟಿಎನ್‌ಎಫ್‌ನದು. ಕೀಲಿನಲ್ಲಿ ಹಾವಳಿ ಎಬ್ಬಿಸುವವನೂ ಏರಿ ಕಾಯುವವನೂ ಒಬ್ಬನೇ. ಕೀಲಿನ ಸಲುವಾಗಿ ಅವನನ್ನು ಕಟ್ಟಿಹಾಕಿದರೆ ಏರಿ ಒಡೆಯುತ್ತದೆ.

ಜಗತ್ತಿನ ಕ್ಷಯರೋಗಿಗಳಲ್ಲಿ ನಾಲ್ವರಲ್ಲಿ ಒಬ್ಬರು ಭಾರತದಲ್ಲಿದ್ದಾರೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಹದಿನೈದು ವರ್ಷ ದಾಟಿದವರಲ್ಲಿ ಹತ್ತಿರ ಹತ್ತಿರ ಮೂರರಲ್ಲೊಬ್ಬರ ದೇಹದಲ್ಲಿ ಕ್ಷಯದ ಸೋಂಕು ಅಡಗಿದೆ. ಅಂದರೆ ಬೀರೂರಿನ ಪ್ಲಾಟ್‌ಫಾರಂ ಮೇಲೆ ರೈಲಿಗೆ ಕಾದು ನಿಂತವರಲ್ಲಿ ಅನೇಕರು ಏರಿ ಕಟ್ಟಿಕೊಂಡೇ ನಿಂತಿದ್ದಾರೆ. ಬಯೋಲಾಜಿಕ್‌ಗೆ ಮುಂಚಿನ ಕ್ಷಯ ಪರೀಕ್ಷೆ ನಮ್ಮಲ್ಲಿ ಕಡ್ಡಾಯ ಆಗಬೇಕಾದುದು ಇದೇ ಕಾರಣಕ್ಕೆ.

ಇಲ್ಲಿ ಕರ್ನಾಟಕದ ಬಗ್ಗೆ ಒಂದು ಮಾತು. ಬೆಂಗಳೂರಿನ ಬಳ್ಳಾರಿ ರಸ್ತೆಯ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ 1959ರಲ್ಲಿ ಶುರುವಾದದ್ದು. ಸೋಂಕು ತಗುಲಿದವರಲ್ಲಿ ಯಾರಿಗೆ ಯಾವಾಗ ಕಾಯಿಲೆ ಬರುತ್ತದೆ ಎಂಬುದನ್ನು 1960ರ ದಶಕದಲ್ಲಿ ಬೆಂಗಳೂರು ಜಿಲ್ಲೆಯ ಹಳ್ಳಿಗಳಲ್ಲಿ ವರ್ಷಗಟ್ಟಲೆ ಮನೆಮನೆ ಸುತ್ತಿ ದಾಖಲಿಸಿದ ಸಂಸ್ಥೆ ಅದು. ಕ್ಷಯದ ಜ್ಞಾನಕ್ಕೆ ನಮಗೆ ಬರವಿರಲಿಲ್ಲ. ಸಂಧಿವಾತದವರ ಔಷಧಚೀಟಿಯನ್ನೂ ಕ್ಷಯ ವಿಭಾಗದ ಬಾಗಿಲನ್ನೂ ಜೋಡಿಸುವ ಕೆಲಸ ಮಾತ್ರ ತಡವಾಯಿತು.

ಕೊನೆಗೂ 2021ರಲ್ಲಿ ರಾಷ್ಟ್ರೀಯ ಕ್ಷಯರೋಗ ನಿರ್ಮೂಲನಾ ಕಾರ್ಯಕ್ರಮದ ಹೊಸ ಮಾರ್ಗಸೂಚಿ ಬಂತು. ಕ್ಷಯ ತಡೆ ಚಿಕಿತ್ಸೆ ಕೊಡಬೇಕಾದವರ ಪಟ್ಟಿಯಲ್ಲಿ ಟಿಎನ್‌ಎಫ್ ತಡೆ ಔಷಧ ಪಡೆಯುವವರ ಹೆಸರನ್ನು ಅದು ಸ್ಪಷ್ಟವಾಗಿ ಸೇರಿಸಿತು. ಇದರ ಅರ್ಥ ಏನೆಂದರೆ, ಬೆಂಗಳೂರಿನ ತಜ್ಞರು ಬಯೋಲಾಜಿಕ್ ಬರೆಯುವ ಮೊದಲು ನುಂಗಬೇಕಾದ ಮಾತ್ರೆ ತಾಲ್ಲೂಕಿನ ಕ್ಷಯರೋಗ ಘಟಕದಲ್ಲೇ ಉಚಿತವಾಗಿ ಸಿಗಬೇಕು. ಆರು ತಿಂಗಳು ದಿನವೂ ಐಸೊನಿಯಜಿಡ್, ಅಥವಾ ವಾರಕ್ಕೊಮ್ಮೆಯಂತೆ ಹನ್ನೆರಡು ವಾರ ಐಸೊನಿಯಜಿಡ್ ಮತ್ತು ರಿಫಾಪೆಂಟಿನ್. ಈ ಚಿಕಿತ್ಸೆ ಶುರುವಾಗಿ ಒಂದು ತಿಂಗಳಾದ ಮೇಲೆ ಬಯೋಲಾಜಿಕ್ ಆರಂಭಿಸಬಹುದು. ಮೊದಲ ಪ್ಯಾರಾದ ಆ ‘ಇನ್ನೊಂದು ತಿಂಗಳು’ ಬಂದದ್ದು ಇಲ್ಲಿಂದ. ಮೆಥೊಟ್ರೆಕ್ಸೇಟ್ ಮತ್ತು ಐಸೊನಿಯಜಿಡ್ ಎರಡೂ ಯಕೃತ್ತಿಗೆ ಭಾರ, ಹಾಗಾಗಿ ಆಗಾಗ ಎಸ್‌ಜಿಪಿಟಿ ಪರೀಕ್ಷೆ ಮಾಡಿಸಬೇಕು. ಕುಡಿತ ಇರುವವರು ಇದನ್ನು ಮುಚ್ಚಿಡಬಾರದು. ಗಂಡಸರು ಮಾತ್ರ ಕುಡಿಯುತ್ತಾರೆ ಎಂದುಕೊಂಡು ಹೆಂಗಸರನ್ನು ಕೇಳದೇ ಬಿಡುವ ವೈದ್ಯರೂ ಇದ್ದಾರೆ ಅನ್ನಿ.

ಪರೀಕ್ಷೆಗೂ ಮಿತಿ ಇದೆ. ಮುಂಗೈಗೆ ಚುಚ್ಚುವ ಮಾಂಟೂ ಪರೀಕ್ಷೆಯನ್ನು ಬಾಲ್ಯದಲ್ಲಿ ಹಾಕಿದ ಕ್ಷಯದ ಲಸಿಕೆ ಬಿಸಿಜಿ ಗೊಂದಲಕ್ಕೀಡು ಮಾಡುತ್ತದೆ. ಈಗಾಗಲೇ ಸ್ಟಿರಾಯ್ಡ್ ನುಂಗುತ್ತಿರುವವರಲ್ಲಿ ಸೋಂಕು ಇದ್ದರೂ ಗುಳ್ಳೆ ಏಳದೇ ಇರಬಹುದು. ಐಜಿಆರ್‌ಎ ಎಂಬ ರಕ್ತ ಪರೀಕ್ಷೆಗೆ ಬಿಸಿಜಿಯ ಕಾಟವಿಲ್ಲ. ಆದರೆ ರಕ್ತ ತೆಗೆದ 16 ಗಂಟೆಯೊಳಗೆ ಪ್ರಯೋಗಾಲಯದ ಇನ್‌ಕ್ಯುಬೇಟರ್ ಸೇರಬೇಕು. ಅಜ್ಜಂಪುರದಲ್ಲಿ ಬೆಳಿಗ್ಗೆ ತೆಗೆದ ರಕ್ತ ಸಂಜೆಯೊಳಗೆ ಶಿವಮೊಗ್ಗವನ್ನೋ ಬೆಂಗಳೂರನ್ನೋ ತಲುಪುವುದು ಕಷ್ಟವೇನಲ್ಲ, ಯಾರಾದರೂ ಏರ್ಪಾಡು ಮಾಡಿದರೆ. ಪರೀಕ್ಷೆ ನೆಗೆಟಿವ್ ಬಂತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ನಮ್ಮಂಥ ದೇಶದಲ್ಲಿ ಚಿಕಿತ್ಸೆಯ ನಡುವೆಯೇ ಹೊಸ ಸೋಂಕು ತಗುಲಬಹುದು. ಎರಡು ವಾರ ಮೀರಿದ ಕೆಮ್ಮು, ಸಂಜೆ ಜ್ವರ, ಇಳಿಯುವ ತೂಕ, ಕುತ್ತಿಗೆಯಲ್ಲಿ ಗಂಟು ಕಂಡರೆ ಇಂಜೆಕ್ಷನ್ ನಿಲ್ಲಿಸಿ ಮೊದಲು ಕಫ ಪರೀಕ್ಷೆ.

ಟಿಎನ್‌ಎಫ್ ತಡೆಯುವ ಎಲ್ಲ ಔಷಧಗಳ ಅಪಾಯವೂ ಒಂದೇ ಅಲ್ಲ. 2001ರಲ್ಲಿ ಆರಂಭವಾದ ಬ್ರಿಟನ್ನಿನ ಬಯೋಲಾಜಿಕ್ ನೋಂದಣಿಯಿಂದ 2010ರಲ್ಲಿ ಬಂದ ಲೆಕ್ಕ ಹೀಗಿದೆ. ಒಂದು ಲಕ್ಷ ರೋಗಿ-ವರ್ಷಗಳಿಗೆ ಅಡಲಿಮುಮ್ಯಾಬ್‌ನಲ್ಲಿ 144, ಇನ್‌ಫ್ಲಿಕ್ಸಿಮ್ಯಾಬ್‌ನಲ್ಲಿ 136, ಎಟನರ್ಸೆಪ್ಟ್‌ನಲ್ಲಿ 39 ಕ್ಷಯ ಪ್ರಕರಣ. ಆಸ್ಪತ್ರೆ ಸೇರಿಸುವಂಥ ಗಂಭೀರ ಸೋಂಕುಗಳ ಬಗ್ಗೆ ಅದೇ ನೋಂದಣಿಯ ಉತ್ತರ: ವರ್ಷಕ್ಕೆ ಸಾವಿರ ರೋಗಿಗಳಲ್ಲಿ ಹಳೆಯ ಮಾತ್ರೆ ನುಂಗುವವರಿಗೆ 32, ಟಿಎನ್‌ಎಫ್ ತಡೆ ಪಡೆಯುವವರಿಗೆ 42. ಅಪಾಯ ಹೆಚ್ಚಿರುವುದು ಮೊದಲ ಆರು ತಿಂಗಳು. ಕ್ಯಾನ್ಸರ್ ಬರುತ್ತದೆ ಎಂಬ ಭಯ ಇನ್ನೊಂದು. ಸಂಧಿವಾತವೇ, ಅದರಲ್ಲೂ ವರ್ಷಗಟ್ಟಲೆ ಉರಿಯುತ್ತ ಬಿಟ್ಟದ್ದು, ಲಿಂಫೋಮಾ ಎಂಬ ಕ್ಯಾನ್ಸರಿನ ಅಪಾಯ ಹೆಚ್ಚಿಸುತ್ತದೆ. ಅದರ ಮೇಲೆ ಟಿಎನ್‌ಎಫ್ ತಡೆ ಔಷಧಗಳಿಂದ ಗಡ್ಡೆಯ ಕ್ಯಾನ್ಸರ್‌ಗಳು ಹೆಚ್ಚಿದ್ದು ಆ ನೋಂದಣಿಯಲ್ಲಿ ಕಂಡಿಲ್ಲ. ಹೃದಯ ತೀರಾ ದುರ್ಬಲವಾದವರಿಗೆ, ನರಗಳ ಹೊದಿಕೆ ಕಳಚುವ ಕಾಯಿಲೆ ಇರುವವರಿಗೆ ಮಾತ್ರ ಈ ಗುಂಪಿನ ಔಷಧಗಳೇ ಸಲ್ಲದು.

ಉಳಿದ ಬಯೋಲಾಜಿಕ್‌ಗಳಿಗೆ ಅವುಗಳದೇ ಸ್ವಭಾವ. ರಿಟುಕ್ಸಿಮ್ಯಾಬ್ ಎರಡು ಡ್ರಿಪ್, ಆಮೇಲೆ ಸುಮಾರು ಆರು ತಿಂಗಳು ಬಿಡುವು. ಕ್ಷಯದ ಕಾಟ ಕಡಿಮೆ, ಹೈದರಾಬಾದಿನ ಡಾ. ರೆಡ್ಡೀಸ್ 2007ರಲ್ಲೇ ಇದರ ಭಾರತೀಯ ರೂಪ ತಂದಿದ್ದರಿಂದ ಬೆಲೆಯೂ ಎಟುಕುವಂಥದ್ದು. ಆದರೆ ಎಂದೋ ಬಂದುಹೋದ ಹೆಪಟೈಟಿಸ್ ಬಿ ಕಾಮಾಲೆ ಮತ್ತೆ ತಲೆಯೆತ್ತಿ ಯಕೃತ್ತನ್ನೇ ಮುಗಿಸಿಬಿಡಬಹುದು. 2013ರಲ್ಲಿ ಎಫ್‌ಡಿಎ ಈ ಎಚ್ಚರಿಕೆಯನ್ನು ಔಷಧದ ವಿವರಪತ್ರದ ಕಪ್ಪು ಚೌಕಟ್ಟಿನೊಳಗೆ ಹಾಕಿಸಿತು. ಟೊಸಿಲಿಜುಮ್ಯಾಬ್ ಹೆಸರು 2021ರ ಏಪ್ರಿಲ್, ಮೇ ತಿಂಗಳಲ್ಲಿ ಹಳ್ಳಿಹಳ್ಳಿಗೂ ಗೊತ್ತಾಯಿತು, ಕೋವಿಡ್‌ಗೆಂದು ಜನ ಅದಕ್ಕಾಗಿ ಬೆಂಗಳೂರಿಡೀ ಅಲೆದರು. ಅದು ಮೂಲತಃ ಸಂಧಿವಾತದ ಔಷಧ. ಇದನ್ನು ಪಡೆಯುವವರಲ್ಲಿ ಸೋಂಕಾದರೂ ಜ್ವರ ಬರದೇ ಇರಬಹುದು, ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆಯ ಅಂಕಿಯೂ ಏರದೇ ಇರಬಹುದು. ಥರ್ಮಾಮೀಟರ್ ನೋಡಿ ‘ಏನಿಲ್ಲ ಹೋಗಿ’ ಎನ್ನುವ ಡ್ಯೂಟಿ ಡಾಕ್ಟರಿಗೆ ಇದು ಗೊತ್ತಿರಬೇಕು. ಇಲ್ಲವೇ ರೋಗಿಯೇ ಹೇಳಬೇಕು.

ಫ್ರಿಜ್ಜು ಬೇಡದ ಮಾತ್ರೆ

ಈಗ ಬಯೋಲಾಜಿಕ್ ಅಲ್ಲದ, ಆದರೆ ಅದರ ಜಾಗಕ್ಕೆ ಬಂದು ಕೂತಿರುವ ಒಂದು ಮಾತ್ರೆ. ಟೊಫಾಸಿಟಿನಿಬ್ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು. ಪೇಟೆಂಟ್ ಮುಗಿದ ಮೇಲೆ ಭಾರತದ ಹಲವು ಕಂಪನಿಗಳು ಅಗ್ಗದಲ್ಲಿ ಮಾಡುತ್ತಿವೆ. ಸೂಜಿ ಬೇಡ, ಮಂಜುಗಡ್ಡೆಯ ಡಬ್ಬ ಬೇಡ. ಸಣ್ಣ ಊರುಗಳಿಗೆ ವರವೇ ಸರಿ. ನನಗೆ ಹೆಚ್ಚು ಅಳುಕಿರುವುದೂ ಇದರ ಬಗ್ಗೆಯೇ, ಅದರ ಸಲೀಸುತನದ ಬಗ್ಗೆ. ಹೃದಯದ ಅಪಾಯಾಂಶ ಕನಿಷ್ಠ ಒಂದಾದರೂ ಇದ್ದ, ಐವತ್ತು ದಾಟಿದ ಸಂಧಿವಾತ ರೋಗಿಗಳಲ್ಲಿ ಇದನ್ನು ಟಿಎನ್‌ಎಫ್ ತಡೆ ಔಷಧಗಳ ಜೊತೆ ಹೋಲಿಸಿದ ದೊಡ್ಡ ಅಧ್ಯಯನದಲ್ಲಿ ಹೃದಯಾಘಾತ, ಪಾರ್ಶ್ವವಾಯು ಮತ್ತು ಕ್ಯಾನ್ಸರ್ ಟೊಫಾಸಿಟಿನಿಬ್ ಕಡೆ ಹೆಚ್ಚು ಕಂಡವು. 2021ರ ಸೆಪ್ಟೆಂಬರಿನಲ್ಲಿ ಎಫ್‌ಡಿಎ ಎಚ್ಚರಿಕೆ ಬಿಗಿಗೊಳಿಸಿತು. ಸರ್ಪಸುತ್ತು ಈ ಮಾತ್ರೆಯಲ್ಲಿ ಹೆಚ್ಚು, ಏಷ್ಯಾದವರಲ್ಲಿ ಇನ್ನೂ ಹೆಚ್ಚು. ಇದಕ್ಕೂ ಅದೇ ಕ್ಷಯ ಪರೀಕ್ಷೆ, ಅದೇ ಕಾಮಾಲೆ ಪರೀಕ್ಷೆ ಬೇಕು. ಸರ್ಪಸುತ್ತಿಗೆ ಈಗ ಭಾರತದಲ್ಲಿ ಜೀವಂತ ವೈರಸ್ ಇಲ್ಲದ ಲಸಿಕೆ ಸಿಗುತ್ತದೆ, ದುಬಾರಿ. ಹಳೇ ಚೀಟಿ ತೋರಿಸಿ ಮೆಡಿಕಲ್ ಶಾಪಿನಿಂದ ತಿಂಗಳು ತಿಂಗಳು ತಂದು ನುಂಗುವ ಔಷಧ ಇದಲ್ಲ. ವೈದ್ಯರ ಮುಖ ನೋಡಿ ವರ್ಷವಾಯಿತು, ಮಾತ್ರೆ ಮಾತ್ರ ನಿಂತಿಲ್ಲ ಅನ್ನುವವರ ಸಂಖ್ಯೆ ಸಣ್ಣದಿರಲಾರದು.

ಹೆಸರಿಲ್ಲದ ಪುಡಿ

ಇಷ್ಟೆಲ್ಲ ಓದಿದವರು ಹೆದರಿ, ‘ಇದ್ಯಾವುದೂ ಬೇಡ ಕಣ್ರೀ, ನಾಟಿ ಔಷಧಿಯೇ ವಾಸಿ’ ಎಂದುಕೊಂಡರೆ ನನ್ನ ಶ್ರಮ ವ್ಯರ್ಥ. ಆಯುರ್ವೇದದಲ್ಲಿ ಮಾಧವನಿದಾನ ಗ್ರಂಥದ ಕಾಲದಿಂದಲೂ ಸಂಧಿವಾತವನ್ನು ಹೋಲುವ ಆಮವಾತದ ವಿವರಣೆ ಇದೆ. ಓದಿ ಬಂದ ಆಯುರ್ವೇದ ವೈದ್ಯರ ಮಾತು ಬೇರೆ. ನಾನು ಹೇಳುತ್ತಿರುವುದು ಪೊಟ್ಟಣದಲ್ಲಿ ಕಟ್ಟಿಕೊಡುವ, ಚೀಟಿಯಿಲ್ಲದ, ಹೆಸರಿಲ್ಲದ ಪುಡಿಯ ವಿಷಯ. ಮೂರೇ ದಿನಕ್ಕೆ ನೋವು ಮಂಗಮಾಯವಾದರೆ ಅನುಮಾನಿಸಿ. ಅಷ್ಟು ಬೇಗ ಸಂಧಿವಾತದ ಊತ ಇಳಿಸುವುದು ಸಾಮಾನ್ಯವಾಗಿ ಸ್ಟಿರಾಯ್ಡ್. ಹಸಿವು ಹೆಚ್ಚುತ್ತದೆ, ಮುಖ ತುಂಬಿಕೊಳ್ಳುತ್ತದೆ, ಮನೆಯವರು ‘ಚೇತರಿಸಿಕೊಂಡಳು’ ಎಂದು ಖುಷಿಪಡುತ್ತಾರೆ. ಆಮೇಲೆ ಸಕ್ಕರೆ ಕಾಯಿಲೆ, ಬಿ.ಪಿ., ಪೊರೆ ಬಂದ ಕಣ್ಣು, ಸೀನಿದರೂ ಮುರಿಯುವ ಬೆನ್ನುಮೂಳೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಬೀಳಬಹುದು, ಏಕೆಂದರೆ ದೇಹ ತನ್ನದೇ ಸ್ಟಿರಾಯ್ಡ್ ಮಾಡುವುದನ್ನು ಮರೆತಿರುತ್ತದೆ.

1948ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನಲ್ಲಿ ಫಿಲಿಪ್ ಹೆಂಚ್ ಸಂಧಿವಾತದ ರೋಗಿಗೆ ಕಾರ್ಟಿಸೋನ್ ಕೊಟ್ಟಾಗಲೂ ಇದೇ ಪವಾಡ ನಡೆದಿತ್ತು. 1950ರಲ್ಲಿ ನೊಬೆಲ್ ಬಂತು. ಅಡ್ಡಪರಿಣಾಮಗಳ ಅರಿವೂ ಅದರ ಬೆನ್ನಿಗೇ ಬಂತು. ಈಗಲೂ ಸ್ಟಿರಾಯ್ಡ್ ಬೇಕು, ಆದರೆ ಕಡಿಮೆ ಪ್ರಮಾಣದಲ್ಲಿ, ಕಡಿಮೆ ದಿನ, ಲೆಕ್ಕವಿಟ್ಟು. ಸ್ಟಿರಾಯ್ಡ್ ನುಂಗುವವರಲ್ಲಿ ಕ್ಷಯದ ಅಪಾಯ ಸುಮಾರು ಐದು ಪಟ್ಟು ಎಂದು ಬ್ರಿಟನ್ನಿನ ದಾಖಲೆಗಳನ್ನು ಜಾಲಾಡಿದ 2006ರ ಅಧ್ಯಯನ ಹೇಳಿತು. ಬಯೋಲಾಜಿಕ್ ಕೊಡುವ ಮುನ್ನ ಕ್ಷಯ ಪರೀಕ್ಷೆ ಮಾಡುತ್ತಾರೆ. ಪುಡಿ ಕೊಡುವವನು ಮಾಡುವುದಿಲ್ಲ. ಯಾವುದು ಹೆಚ್ಚು ಅಪಾಯಕಾರಿ ಎಂದು ನನ್ನನ್ನು ಕೇಳಿದರೆ ಉತ್ತರಿಸಲು ಕ್ಷಣವೂ ಯೋಚಿಸಬೇಕಿಲ್ಲ.

ಬಯೋಲಾಜಿಕ್‌ಗಳು ದೇಶದಲ್ಲೇ ತಯಾರಾಗಲು ತೊಡಗಿದ್ದು ಈ ಕಥೆಯ ಒಳ್ಳೆಯ ಭಾಗ. ಅಡಲಿಮುಮ್ಯಾಬ್‌ನ ಜಗತ್ತಿನ ಮೊದಲ ಪ್ರತಿರೂಪವನ್ನು ಅಹಮದಾಬಾದಿನ ಝೈಡಸ್ 2014ರ ಡಿಸೆಂಬರಿನಲ್ಲಿ ಮಾರುಕಟ್ಟೆಗೆ ತಂದಿತು. 1978ರಲ್ಲಿ ಬೆಂಗಳೂರಿನಲ್ಲಿ ಕಿರಣ್ ಮಜುಂದಾರ್ ಶಾ ಆರಂಭಿಸಿದ ಬಯೋಕಾನ್ ಇಂಥ ಔಷಧಗಳನ್ನು ಜಗತ್ತಿಗೇ ಮಾರುತ್ತಿದೆ. ಜೀವಕೋಶದಲ್ಲಿ ಬೆಳೆಸಿದ ಪ್ರೋಟೀನು ಮೂಲದ ಪಡಿಯಚ್ಚು ಆಗಲಾರದು, ಬಹಳ ಹತ್ತಿರದ ಹೋಲಿಕೆ ಆಗಬಹುದು ಅಷ್ಟೆ. ಅದಕ್ಕೆಂದೇ 2012ರಲ್ಲಿ ಪ್ರತ್ಯೇಕ ಮಾರ್ಗಸೂಚಿ ಬಂತು, 2016ರಲ್ಲಿ ಪರಿಷ್ಕರಣೆಯಾಯಿತು. 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಅಡಲಿಮುಮ್ಯಾಬನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಬೆಲೆ ಇಳಿದರೂ ಸಾಮಾನ್ಯ ರೈತ ಕುಟುಂಬಕ್ಕೆ ಹೊರೆಯೇ. ಈರುಳ್ಳಿಗೆ ರೇಟು ಸಿಕ್ಕ ವರ್ಷ ಇಂಜೆಕ್ಷನ್, ಸಿಗದ ವರ್ಷ ಇಲ್ಲ ಎಂದಾದರೆ ಅದು ಖರ್ಚಿನ ಪ್ರಶ್ನೆಯಾಗಿ ಉಳಿಯುವುದಿಲ್ಲ. ಇನ್‌ಫ್ಲಿಕ್ಸಿಮ್ಯಾಬನ್ನು ಬಿಟ್ಟು ಬಿಟ್ಟು ಕೊಟ್ಟಾಗ ದೇಹ ಅದರ ವಿರುದ್ಧವೇ ಪ್ರತಿಕಾಯ ಬೆಳೆಸಿಕೊಂಡು, ಮುಂದಿನ ಡ್ರಿಪ್ಪಿನಲ್ಲಿ ಅಲರ್ಜಿ ತೀವ್ರವಾಗಬಹುದು. ಎಷ್ಟು ತಿಂಗಳ ಹಣ ಇದೆ ಎಂಬುದನ್ನು ವೈದ್ಯರ ಹತ್ತಿರ ನಾಚಿಕೆಯಿಲ್ಲದೆ ಮೊದಲೇ ಹೇಳಿ, ಅದಕ್ಕೆ ತಕ್ಕ ಔಷಧ ಆರಿಸಿಕೊಳ್ಳುವುದೂ ಸುರಕ್ಷತೆಯ ಭಾಗವೇ.

ಇಂಜೆಕ್ಷನ್ ತಂದ ಮೇಲೆ ಕಾಪಾಡಬೇಕು. ಎರಡರಿಂದ ಎಂಟು ಡಿಗ್ರಿ ಸೆಲ್ಸಿಯಸ್. ಐಸ್ ಪ್ಯಾಕ್‌ಗೆ ನೇರ ತಾಗಿಸಿದರೆ, ಫ್ರೀಜರಿನಲ್ಲಿಟ್ಟರೆ ಪ್ರೋಟೀನು ಕೆಡುತ್ತದೆ, ಕರಗಿದ ಮೇಲೆ ನೋಡಲು ನೀರಿನಂತೆ ಸ್ವಚ್ಛವಾಗಿದ್ದರೂ ಅದು ಔಷಧವಲ್ಲ. ಫ್ರಿಜ್ಜಿನ ಬಾಗಿಲಲ್ಲಿ ಇಡಬಾರದು, ಮಕ್ಕಳು ತೆರೆದು ಮುಚ್ಚಿ ಬಿಸಿಯಾಗುತ್ತದೆ. ಬೇಸಿಗೆಯಲ್ಲಿ ಕರೆಂಟು ಹೋದಾಗ ಪದೇ ಪದೇ ಬಾಗಿಲು ತೆಗೆದು ‘ತಣ್ಣಗಿದೆಯಾ’ ಎಂದು ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು.

ಇನ್ನೊಂದು ಎಚ್ಚರಿಕೆ ಬಹಳ ಕಡೆ ಯಾರೂ ಹೇಳುವುದಿಲ್ಲ. ಸಂಧಿವಾತ ಚಿಕ್ಕ ವಯಸ್ಸಿನ ಹೆಂಗಸರ ಕಾಯಿಲೆಯೂ ಹೌದು. ಮೆಥೊಟ್ರೆಕ್ಸೇಟ್ ನುಂಗುತ್ತ ಗರ್ಭ ಧರಿಸುವಂತಿಲ್ಲ, ಮುಂಚೆಯೇ ನಿಲ್ಲಿಸಬೇಕು. ಕೆಲವು ಬಯೋಲಾಜಿಕ್‌ಗಳನ್ನು ಗರ್ಭಿಣಿಯರಿಗೂ ಕೊಡಬಹುದು. ಆದರೆ ಕೊನೆಯ ತಿಂಗಳುಗಳಲ್ಲಿ ಇನ್‌ಫ್ಲಿಕ್ಸಿಮ್ಯಾಬ್, ಅಡಲಿಮುಮ್ಯಾಬ್ ಮಾಸು ದಾಟಿ ಮಗುವಿನ ರಕ್ತ ಸೇರುತ್ತವೆ, ಹುಟ್ಟಿದ ಮೇಲೂ ತಿಂಗಳುಗಟ್ಟಲೆ ಉಳಿಯುತ್ತವೆ. ಕರುಳಿನ ಕಾಯಿಲೆಗೆ ಇನ್‌ಫ್ಲಿಕ್ಸಿಮ್ಯಾಬ್ ಪಡೆಯುತ್ತಿದ್ದ ತಾಯಿಯ ಕೂಸಿಗೆ ಬಿಸಿಜಿ ಹಾಕಿದ ಮೇಲೆ ಆ ಲಸಿಕೆಯ ಜೀವಾಣುವೇ ಮೈಯೆಲ್ಲ ಹರಡಿ ಮಗು ತೀರಿಕೊಂಡ ಪ್ರಕರಣ 2010ರಲ್ಲಿ ಬ್ರಿಟನ್ನಿನಿಂದ ವರದಿಯಾಯಿತು. ನಮ್ಮಲ್ಲಿ ಬಿಸಿಜಿ ಹಾಕುವುದು ಹುಟ್ಟಿದ ದಿನವೇ, ಹೆರಿಗೆ ವಾರ್ಡಿನಲ್ಲೇ. ಹಾಕುವ ನರ್ಸಮ್ಮನಿಗೆ ತಾಯಿಯ ಇಂಜೆಕ್ಷನ್ ವಿಷಯ ಯಾರು ಹೇಳಬೇಕು? ತಾಯಿ ಕಾರ್ಡಿನ ಮೊದಲ ಪುಟದಲ್ಲಿ ಕೆಂಪು ಇಂಕಿನಲ್ಲಿ ಬರೆಸಿಕೊಳ್ಳುವುದು ವಾಸಿ. ಬಿಸಿಜಿ, ರೋಟಾ, ಬಾಯಿಗೆ ಹಾಕುವ ಪೋಲಿಯೋ ಹನಿ ಎಲ್ಲವೂ ಜೀವಂತ ಲಸಿಕೆಗಳು. ಅಂಥ ಮಗುವಿಗೆ ಇವುಗಳನ್ನು ಯಾವಾಗ ಹಾಕಬೇಕೆಂಬುದನ್ನು ಮಕ್ಕಳ ತಜ್ಞರೇ ನಿರ್ಧರಿಸಬೇಕು. ಜೀವಂತವಲ್ಲದ ಉಳಿದ ಲಸಿಕೆಗಳಿಗೆ ಅಡ್ಡಿಯಿಲ್ಲ.

ಏನಾದರೂ ತೊಂದರೆಯಾದರೆ ಬರೀ ಔಷಧ ನಿಲ್ಲಿಸಿ ಸುಮ್ಮನಾಗಬಾರದು. 2010ರಿಂದ ಭಾರತದಲ್ಲಿ ಫಾರ್ಮಕೋವಿಜಿಲೆನ್ಸ್ ಪ್ರೋಗ್ರಾಂ ನಡೆಯುತ್ತಿದೆ, ಗಾಜಿಯಾಬಾದಿನ ಇಂಡಿಯನ್ ಫಾರ್ಮಕೋಪಿಯಾ ಕಮಿಷನ್ ಅದರ ಕೇಂದ್ರ. ವೈದ್ಯರೇ ಬೇಕೆಂದಿಲ್ಲ, ರೋಗಿಯೂ ವರದಿ ಮಾಡಬಹುದು. ಅದರ ಫಾರಂ ಕನ್ನಡದಲ್ಲೂ ಇದೆ, 1800-180-3024ಕ್ಕೆ ಉಚಿತವಾಗಿ ಕರೆ ಮಾಡಿಯೂ ಹೇಳಬಹುದು. 2001ರ ಆ 70 ಪ್ರಕರಣಗಳು ಬೆಳಕಿಗೆ ಬಂದದ್ದು ಹೀಗೆ ಒಂದೊಂದಾಗಿ ಬಂದ ವರದಿಗಳಿಂದಲೇ. ಬಯೋಲಾಜಿಕ್‌ಗಳಲ್ಲಿ ಒಂದು ಕಂಪನಿಯದಕ್ಕೂ ಇನ್ನೊಂದರದಕ್ಕೂ, ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಇರಬಹುದಾದ್ದರಿಂದ ಫಾರಂನಲ್ಲಿ ಬ್ರ್ಯಾಂಡ್ ಹೆಸರು, ಬ್ಯಾಚ್ ಸಂಖ್ಯೆ ಎರಡನ್ನೂ ಬರೆಯಬೇಕು. ಅವೆರಡೂ ಹೊರಗಿನ ರಟ್ಟಿನ ಡಬ್ಬದ ಮೇಲೆ ಇರುತ್ತವೆ. ಇಂಜೆಕ್ಷನ್ ಆದ ಕೂಡಲೇ ಡಬ್ಬವನ್ನು ನೀರೊಲೆಗೆ ಹಾಕುವ ಮುಂಚೆ ಮೊಬೈಲಿನಲ್ಲಿ ಒಂದು ಫೋಟೊ ತೆಗೆದಿಟ್ಟುಕೊಳ್ಳಿ.